ಬಿಸಿಲಿಗೆ ಕನ್ನಡಿ ಹಿಡಿದರೆ ಚಹಾ ಕುದಿಯುತ್ತೆ, ಆದರೆ...

ಒಂದು, ಎರಡು, ಮೂರು... ಇಕ್ಕಳದ ತುದಿಯಲ್ಲಿದ್ದ ಹಳೇ ಪೇಪರ್ ಚೂರು ಭಗ್ಗನೆ ಹತ್ತಿಕೊಂಡಿತು! ಕಡ್ಡಿ ಗೀರಿದವರಿಲ್ಲ, ಸೀಮೆಎಣ್ಣೆ ಸುರಿದವರಿಲ್ಲ. ಬಸ್ಸಿಗೆ ಕಾದು ನಿಂತಿದ್ದ ಹತ್ತಾರು ಮಂದಿ "ಅಯ್ಯಯ್ಯಪ್ಪಾ" ಎಂದು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಹೊರಡಬೇಕಿದ್ದ ಬಸ್ಸಿನ ಕಂಡಕ್ಟರು ಮಾತ್ರ ಮುಂದೆ ಬಂದು, "ಸಾರ್, ಹಂಗೇ ಇದೊಂದು ಬೀಡಿ ಹಚ್ಚಿಕೊಡ್ರಿ" ಎಂದರು. ಮೇಷ್ಟ್ರು ಕೊಡಲಿಲ್ಲ. "ಕೈ ಸುಟ್ಟುಕೊಂಡು ಟಿಕೆಟ್ ಹೆಂಗೆ ಹರೀತೀಯಪ್ಪಾ?" ಎಂದು ಗದರಿಸಿ ಕಳುಹಿಸಿದರು.

ಇದು ನಡೆದದ್ದು 2024ರ ಮಾರ್ಚ್ ತಿಂಗಳಲ್ಲಿ, ಬಳ್ಳಾರಿ ಸೀಮೆಯ ಒಂದು ಬಸ್ ಸ್ಟ್ಯಾಂಡಿನ ಎದುರಿನ ಚಹಾ ಅಂಗಡಿಯ ಪಕ್ಕದಲ್ಲಿ. ಹೇಳಿಕೇಳಿ ಬಳ್ಳಾರಿ. ಅಲ್ಲಿ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಎಂಬ ಮಾತು ಹಳೆಯದು. ಪುಕ್ಕಟೆ ಸಿಗುವ ಈ ಬಿಸಿಲನ್ನು ಬೈಯುತ್ತಾ ಕೂರುವ ಬದಲು ದುಡಿಸಿಕೊಂಡರೆ ಹೇಗೆ ಎಂದು ಹೊರಟವರು ಇಬ್ಬರು. ಒಬ್ಬರು ಐಟಿಐನಲ್ಲಿ ಹುಡುಗರಿಗೆ ವೆಲ್ಡಿಂಗ್ ಕಲಿಸಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬರು ಐದು ದಿನಕ್ಕೊಂದು ಕಮರ್ಷಿಯಲ್ ಸಿಲಿಂಡರ್ ಉರಿಸುವ ಚಹಾ ಅಂಗಡಿಯವರು. ಸಿಲಿಂಡರಿನ ರೇಟು ಏರಿದಾಗಲೆಲ್ಲ ಲೋಟ ಸಣ್ಣದು ಮಾಡುವುದೋ, ಸಕ್ಕರೆ ಕಡಿಮೆ ಮಾಡುವುದೋ ಎಂದು ತಲೆ ಕೆರೆದುಕೊಳ್ಳುತ್ತಿದ್ದವರು.

ಅಂತೂ ಸೂರ್ಯದೇವರನ್ನೇ ಅಡುಗೆಭಟ್ಟನಾಗಿ ನೇಮಿಸಿಕೊಳ್ಳುವ ಏರ್ಪಾಡು ಶುರುವಾಯಿತು. ಸಂಬಳವಿಲ್ಲ, ರಜೆ ಕೇಳುವುದಿಲ್ಲ. ಆದರೆ ಈ ಭಟ್ಟನಿಗೆ ಒಂದು ಚಾಳಿ ಇದೆ. ನಿಂತಲ್ಲಿ ನಿಲ್ಲುವುದಿಲ್ಲ! ಕಥೆಯ ತಿರುಳೆಲ್ಲ ಅದೇ.

ಗುಜರಿಯಿಂದ ಬಂದ ಬಾಣಲೆ

ಮನೆಮನೆಗೂ ಸಣ್ಣ ಡಿಶ್ ಬರುವ ಮುಂಚೆ ಕೇಬಲ್ ಟೀವಿಯವರು ಮಾಳಿಗೆ ಮೇಲೆ ದೊಡ್ಡ ದೊಡ್ಡ ಡಿಶ್ ನಿಲ್ಲಿಸಿದ್ದು ಓದುಗರಿಗೆ ನೆನಪಿರಬಹುದು. ಅಂಥದ್ದೊಂದು 6 ಅಡಿ ಅಗಲದ ಡಿಶ್ ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ಸಿಕ್ಕಿತು. "ಏನ್ ಸಾರ್, ಇನ್ನೂ ಟೀವಿ ಬರ್ತೈತಾ ಇದ್ರಾಗೆ?" ಎಂದು ಗುಜರಿಯವನು ನಕ್ಕನಂತೆ.

ಡಿಶ್ಶೇ ಏಕೆ? ಅದರ ಬಾಗು ಹೇಗಿದೆ ಎಂದರೆ, ನೇರವಾಗಿ ಬಂದು ಬಿದ್ದದ್ದನ್ನೆಲ್ಲ ಎದುರಿನ ಒಂದೇ ಜಾಗಕ್ಕೆ ಎಸೆಯುತ್ತದೆ. ಅಂದು ಟೀವಿಯ ಅಲೆ, ಇಂದು ಬಿಸಿಲು. ಆ ಜಾಗ ಎಲ್ಲಿದೆ ಎಂದು ಹುಡುಕಲು ಲೆಕ್ಕ ಸುಲಭ. ಡಿಶ್ಶಿನ ಅಗಲವನ್ನು ಅದರಿಂದಲೇ ಗುಣಿಸಿ, ಆಳದ 16 ಪಟ್ಟಿನಿಂದ ಭಾಗಿಸಬೇಕು. ಇಲ್ಲಿ ಅಗಲ 72 ಇಂಚು, ಆಳ 12 ಇಂಚು. 72 ಸಲ 72 ಅಂದರೆ 5,184. ಅದನ್ನು 192ರಿಂದ ಭಾಗಿಸಿದರೆ 27. ತಳದಿಂದ 27 ಇಂಚು ಮೇಲೆ ಪಾತ್ರೆ ಇಟ್ಟರೆ ಬಿಸಿಲೆಲ್ಲ ಅದರ ತಳಕ್ಕೇ ಬಂದು ಬೀಳಬೇಕು.

ಇನ್ನು ಕನ್ನಡಿ. ಗಾಜಿನ ಅಂಗಡಿಯಲ್ಲಿ ಡ್ರೆಸಿಂಗ್ ಟೇಬಲ್ಲಿಗೆ ಕೊಯ್ದು ಉಳಿದ ಚೂರು ಗೋಣಿಚೀಲದ ತುಂಬ ಬಿದ್ದಿರುತ್ತದೆ. ಅದನ್ನೇ ತಂದು ಎರಡೆರಡು ಇಂಚಿನ ಚೌಕ ಮಾಡಿ, ಒಂದೊಂದಾಗಿ ಸಿಲಿಕಾನ್ ಅಂಟಿನಿಂದ ಕೂರಿಸಿದರು. ಒಟ್ಟು 900ಕ್ಕೂ ಹೆಚ್ಚು ಚೂರು! ಚೂರಿನ ಅಂಚು ಕೈ ಕೊಯ್ಯದಂತೆ ಮಸೆಯುವ ಕೆಲಸ ಮೇಷ್ಟ್ರ ಮೊಮ್ಮಗನದು. ಕನ್ನಡಿಯ ಭಾರವೇ 17-18 ಕಿಲೋ ಆಗಿದ್ದರಿಂದ ಕಬ್ಬಿಣದ ಆಂಗಲ್ಲಿನ ಗಟ್ಟಿ ಸ್ಟ್ಯಾಂಡು ಬೇಕಾಯಿತು. ಅತ್ತಿತ್ತ ತಿರುಗಲು ಒಂದು ಹಳೇ ಬೇರಿಂಗು, ಮೇಲೆ ಕೆಳಗೆ ಬಗ್ಗಲು ಎರಡು ಬೋಲ್ಟು.

ಚೂರು ಇನ್ನೂ ದೊಡ್ಡದಾಗಿದ್ದರೆ ಕೆಲಸ ಬೇಗ ಮುಗಿಯುತ್ತಿರಲಿಲ್ಲವೇ? ಮುಗಿಯುತ್ತಿತ್ತು. ಆದರೆ ಚಪ್ಪಟೆ ಕನ್ನಡಿ ಎಷ್ಟು ಅಗಲವೋ ಅದರಿಂದ ಬೀಳುವ ಬೆಳಕೂ ಅಷ್ಟೇ ಅಗಲ. ಎರಡು ಇಂಚಿನ ಚೂರು ಹಾಕಿದ್ದರಿಂದಲೇ 900 ಚೂರಿನ ಬಿಸಿಲು ಸುಮಾರು ಒಂದು ಅಂಗೈಯಗಲಕ್ಕೆ ಕೂಡಿತು. ಆ ಅಂಗೈಯಗಲವೇ ಪೇಪರನ್ನು ಮೂರೆಣಿಸುವುದರೊಳಗೆ ಹೊತ್ತಿಸಿದ್ದು.

"ಸೋಲಾರ್ ಅಂದ್ರೆ ಕರೆಂಟ್ ಅಲ್ವಾ ಸಾರ್?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ ಹಾಸಿದ, 2019ರ ಕೊನೆಗೆ 2,050 ಮೆಗಾವಾಟ್ ಮುಟ್ಟಿದ ಸೋಲಾರ್ ಪಾರ್ಕನ್ನು ಬಸ್ಸಿನ ಕಿಟಕಿಯಿಂದ ಕಂಡವರು ಅವರು. ಅಲ್ಲಿರುವುದು ಬಿಸಿಲನ್ನು ಕರೆಂಟು ಮಾಡುವ ಫಲಕ. ಇದು ಬೇರೆ ಬಾಬತ್ತು. ಇದು ಕರೆಂಟು ಮಾಡುವುದಿಲ್ಲ, ಬಿಸಿಲನ್ನು ಕೂಡಿಹಾಕುತ್ತದೆ ಅಷ್ಟೆ. ಹತ್ತು ಮನೆಯ ಚಿಲ್ಲರೆ ಒಂದೇ ಗಲ್ಲಾಪೆಟ್ಟಿಗೆಗೆ ಬಿದ್ದ ಹಾಗೆ.

ಕೊಲಾಬಾದ ಸಾಹೇಬರ 72 ಕನ್ನಡಿ

ಇದೇನು ಹೊಸ ಹುಚ್ಚೂ ಅಲ್ಲ. ಸುಮಾರು 150 ವರ್ಷದ ಹಿಂದೆ ಬೊಂಬಾಯಿಯಲ್ಲಿ ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಇದ್ದರು. ಹುದ್ದೆ ಡೆಪ್ಯುಟಿ ರಿಜಿಸ್ಟ್ರಾರ್. ವಿಜ್ಞಾನಿಯೇನಲ್ಲ, ಹಗಲು ಕಚೇರಿ ಫೈಲು ನೋಡುವ ಆಸಾಮಿ. ಆದರೆ ತಲೆಯಲ್ಲಿ ಹುಳು ಹೊಕ್ಕಿತ್ತು.

ಆಗ ಫ್ರಾನ್ಸಿನಲ್ಲಿ ಮೂಶೋ ಎಂಬ ಗಣಿತದ ಮೇಷ್ಟ್ರು ಆಲಿಕೆಯ ಆಕಾರದ ದೊಡ್ಡ ಲೋಹದ ಕನ್ನಡಿಯಿಂದ ಉಗಿಯಂತ್ರ ನಡೆಸುತ್ತಿದ್ದರು. 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇದೇ ಬಿಸಿಲಿನ ಯಂತ್ರದಿಂದ ಐಸ್ ಗಡ್ಡೆ ಮಾಡಿ ತೋರಿಸಿ ಜನರ ಬಾಯಿ ತೆರೆಸಿದರು! ಅಂಥ ಕನ್ನಡಿ ದುಬಾರಿ, ಮೇಲಾಗಿ ಬೇಗ ಮಂಕಾಗುತ್ತದೆ ಎಂಬುದು ಆಡಮ್ಸ್ ಸಾಹೇಬರ ತಕರಾರು. ಅವರು ಮನೆಯಲ್ಲಿ ಮುಖ ನೋಡಿಕೊಳ್ಳುವಂಥ ಚಪ್ಪಟೆ ಗಾಜಿನ ಕನ್ನಡಿಗೇ ಗಂಟುಬಿದ್ದರು. 17 ಇಂಚು ಉದ್ದ, 10 ಇಂಚು ಅಗಲದ 72 ಕನ್ನಡಿ. ಎಲ್ಲ ಸೇರಿ 85 ಚದರಡಿ. ಅವನ್ನು ಒಂದು ಚೌಕಟ್ಟಿಗೆ ಜೋಡಿಸಿ ಬಿಸಿಲನ್ನು ಒಂದೇ ಕಡೆ ಬೀಳಿಸಿದಾಗ 20 ಅಡಿ ದೂರದ ಕಟ್ಟಿಗೆ ಹತ್ತಿಕೊಂಡು ಉರಿಯಿತು.

ಆಮೇಲೆ ಕನ್ನಡಿ ಹೆಚ್ಚಿಸಿ, ಬಾಯ್ಲರಿಗೆ ಬಿಸಿಲು ಹಾಯಿಸಿ, ಎರಡೂವರೆ ಕುದುರೆ ಶಕ್ತಿಯ ಉಗಿ ಪಂಪನ್ನು ಮಿಡಲ್ ಕೊಲಾಬಾದ ತಮ್ಮ ಬಂಗಲೆಯ ಹಿತ್ತಿಲಲ್ಲಿ ಎರಡು ವಾರ ಹಗಲೆಲ್ಲ ನಡೆಸಿದರು. ಪತ್ರಿಕೆಯವರಿಗೆ ಸುದ್ದಿ ಕೊಟ್ಟರು. ಊರಿನ ದೊಡ್ಡ ಮನುಷ್ಯರನ್ನೂ ಪಿಡಬ್ಲ್ಯುಡಿಯವರನ್ನೂ ಕರೆಸಿ ತೋರಿಸಿದರು. ಅವರೇ ಮಾಡಿದ ಕನ್ನಡಿ ಒಲೆಯ ಮೇಲೆ ಜನವರಿಯ ಚಳಿಯಲ್ಲೂ ಏಳು ಮಂದಿ ಸಿಪಾಯಿಗಳ ಮಾಂಸ, ತರಕಾರಿ ಎರಡು ತಾಸಿನಲ್ಲಿ ಬೆಂದಿತೆಂದು ಬರೆದಿಟ್ಟರು. ಬಿಸಿಲ ದೇಶಗಳಲ್ಲಿ ಸೌದೆ, ಕಲ್ಲಿದ್ದಲಿನ ಬದಲಿಗೆ ಸೂರ್ಯನ ಶಾಖವೇ ಸಾಕು ಎಂಬ ಅವರ ಪುಸ್ತಕ 1878ರಲ್ಲಿ ಬೊಂಬಾಯಿಯಲ್ಲೇ ಅಚ್ಚಾಯಿತು.

ಆಮೇಲೆ ಏನಾಯಿತು? ಏನೂ ಆಗಲಿಲ್ಲ. ಆ ಯಂತ್ರ ವ್ಯಾಪಾರವಾಗಿ ಬೆಳೆಯಲಿಲ್ಲ. ಸೂರ್ಯ ತಿರುಗಿದಂತೆಲ್ಲ ಕನ್ನಡಿಯ ಚೌಕಟ್ಟನ್ನು ತಿರುಗಿಸಲು ಒಬ್ಬ ಕೂಲಿಯಾಳು ಸಾಕು, ದಿನಕ್ಕೆ ಮೂರ್ನಾಲ್ಕು ಸಲ ತಳ್ಳಿದರಾಯಿತು ಎಂದು ಸಾಹೇಬರು ಲೆಕ್ಕ ಹಾಕಿದ್ದರು. ತಳ್ಳುವ ಆಳು ಯಾರು ಎಂಬುದೇ ಅಂದಿನಿಂದ ಇಂದಿನವರೆಗೂ ಪ್ರಶ್ನೆ.

ಸ್ವಾತಂತ್ರ್ಯ ಬಂದ ಮೇಲೆ 1950ರ ದಶಕದ ಆರಂಭದಲ್ಲಿ ದೆಹಲಿಯ ರಾಷ್ಟ್ರೀಯ ಭೌತಪ್ರಯೋಗಾಲಯದ ಎಂ.ಎಲ್. ಘಾಯ್ ಅವರು ಅಲ್ಯುಮಿನಿಯಂ ಡಿಶ್ಶಿನ ಸೂರ್ಯಒಲೆ ಮಾಡಿದರು. ಮಾರುಕಟ್ಟೆಗೂ ಬಂತು. ಅನ್ನ ಬೇಯುತ್ತಿತ್ತು, ಬೇಳೆ ಬೇಯುತ್ತಿತ್ತು, ಆದರೆ ಜನ ಕೊಳ್ಳಲಿಲ್ಲ. ಏಕೆಂದರೆ ಅಡುಗೆಯವಳು ನಡುಹಗಲು ಅಂಗಳದ ಬಿಸಿಲಲ್ಲಿ ನಿಂತು, ಗಳಿಗೆಗೊಮ್ಮೆ ಡಿಶ್ ತಿರುಗಿಸಬೇಕು. ರಾತ್ರಿಯ ಊಟಕ್ಕೆ ಮತ್ತೆ ಸೌದೆ ಒಲೆಯೇ ಗತಿ. ಕುಳ್ಳು ಕಟ್ಟಿಗೆ ಕೈಗೆ ಸಿಗುವ ಹಳ್ಳಿಯಲ್ಲಿ ದುಡ್ಡು ಕೊಟ್ಟು ಬಿಸಿಲಲ್ಲಿ ನಿಲ್ಲುವ ಭಾಗ್ಯ ಯಾರಿಗೆ ಬೇಕು ಸ್ವಾಮಿ?

ಮಸಿ ಹಚ್ಚಿದ ಮೇಲೆ ಕುದಿಯಿತು

ಬಸ್ ಸ್ಟ್ಯಾಂಡಿಗೆ ಮರಳೋಣ. ಮೊದಲ ದಿನ ಚಹಾ ಅಂಗಡಿಯವರು ಫಳಫಳ ತೊಳೆದ ಅಲ್ಯುಮಿನಿಯಂ ಪಾತ್ರೆ ತಂದಿಟ್ಟರು. ಮುಕ್ಕಾಲು ತಾಸಾದರೂ ನೀರು ಮಳ್ಳಲಿಲ್ಲ. ನೋಡುತ್ತ ನಿಂತಿದ್ದ ಮಂದಿ ತಮಾಷೆ ಶುರುಮಾಡಿದರು.

"ಮೇಷ್ಟ್ರೇ, ಸಂಜಿ ಬಸ್ಸಿಗೆ ಬರ್ತೀವಿ, ಅಷ್ಟೊತ್ತಿಗೆ ಚಹಾ ಆಗ್ತೈತೇನ್ರಿ?"

ಮೇಷ್ಟ್ರು ಮಾತಾಡದೆ ಮನೆಗೆ ಹೋಗಿ ಸೌದೆ ಒಲೆಯ ಮಸಿ ಹಿಡಿದ ಹಳೇ ಪಾತ್ರೆ ತಂದರು. ಫಳಫಳ ಪಾತ್ರೆ ಬಿಸಿಲನ್ನು ವಾಪಸು ಎಸೆಯುತ್ತದೆ, ಕರೀ ಪಾತ್ರೆ ನುಂಗಿಕೊಳ್ಳುತ್ತದೆ. ಮಧ್ಯಾಹ್ನ 12ಕ್ಕೆ ಇಟ್ಟ 4 ಲೀಟರ್ ನೀರು 25 ನಿಮಿಷದಲ್ಲಿ ತಳತಳ ಕುದಿಯಿತು. ಅಂದು ಬಸ್ಸಿಗೆ ನಿಂತಿದ್ದವರಿಗೆಲ್ಲ ಚಹಾ ಪುಕ್ಕಟೆ.

ಡಿಶ್ಶನ್ನು ಸೂರ್ಯನಿಗೆ ಸರಿಯಾಗಿ ಹಿಡಿಯುವುದು ಹೇಗೆ? ಸೂರ್ಯನನ್ನು ನೋಡಿ ಹಿಡಿಯಬಾರದು, ಕಣ್ಣು ಹೋಗುತ್ತದೆ. ಡಿಶ್ಶಿನ ಅಂಚಿಗೆ ಒಂದು ಸಣ್ಣ ಕಬ್ಬಿಣದ ಪಟ್ಟಿ ಬೆಸೆದು ಅದರ ಮೇಲೆ ಒಂದು ಮೊಳೆ ನೆಟ್ಟಗೆ ನಿಲ್ಲಿಸಿದ್ದಾರೆ. ಮೊಳೆಯ ನೆರಳು ಪಟ್ಟಿಯ ಮೇಲೆ ಉದ್ದ ಬಿದ್ದರೆ ಡಿಶ್ ತಪ್ಪಿದೆ ಎಂದು ಅರ್ಥ. ನೆರಳು ಮಾಯವಾಗಿ ಮೊಳೆಯ ಬುಡಕ್ಕೇ ಸೇರಿದರೆ ಡಿಶ್ ಸರಿಯಾಗಿ ಸೂರ್ಯನ ಕಡೆಗಿದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಅಂದರೆ 4 ನಿಮಿಷಕ್ಕೆ ಒಂದು ಡಿಗ್ರಿ. 10 ನಿಮಿಷ ಬಿಟ್ಟರೆ ಬೆಳಕಿನ ಬೊಟ್ಟು ಒಂದಿಂಚಿಗಿಂತ ಹೆಚ್ಚು ಜಾರಿ ಪಾತ್ರೆಯ ಅಂಚಿಗೆ ಬರುತ್ತದೆ. ಹಾಗಾಗಿ 10 ನಿಮಿಷಕ್ಕೊಮ್ಮೆ ಬಂದು ಡಿಶ್ಶನ್ನು ಒಂದು ಚೂರು ತಿರುಗಿಸಬೇಕು. ಸಾಹೇಬರ ಕಾಲದ ಕೂಲಿಯಾಳಿನ ಕೆಲಸ ಇಲ್ಲಿ ಲೋಟ ತೊಳೆಯುವ ಹುಡುಗನ ಪಾಲಿಗೆ ಬಂತು.

ತೂತು ಬಿದ್ದ ತಾಡಪಾಲು

ಎರಡನೇ ವಾರ ಅನಾಹುತವೊಂದು ಕೂದಲೆಳೆಯಲ್ಲಿ ತಪ್ಪಿತು. ಗಿರಾಕಿಗಳ ಗದ್ದಲದಲ್ಲಿ ಪಾತ್ರೆ ಇಳಿಸಿದ ಹುಡುಗ ಡಿಶ್ಶನ್ನು ಹಾಗೇ ಬಿಟ್ಟು ಹೋದ. ಪಕ್ಕದ ಸೈಕಲ್ ಶಾಪಿನ ತಾಡಪಾಲಿನ ಒಂದು ತುದಿ ಗಾಳಿಗೆ ಜೋಲಾಡುತ್ತ ಬಂದು ಸರಿಯಾಗಿ ಆ 27 ಇಂಚಿನ ಜಾಗಕ್ಕೇ ತಗುಲಿತು. ಮೊದಲು ಹೊಗೆ, ಆಮೇಲೆ ಕೆಟ್ಟ ವಾಸನೆ. ನೋಡನೋಡುತ್ತಿದ್ದಂತೆ ತಟ್ಟೆಯಗಲದ ತೂತು! ಒಳಗೆ ಟಯರು, ಟ್ಯೂಬು, ಸೊಲ್ಯೂಷನ್ ಡಬ್ಬಿ. ಒಂದು ಕಿಡಿ ಬಿದ್ದಿದ್ದರೆ?

"ನಿನ್ನ ಚಹಾಕ್ಕೆ ನನ್ನ ಅಂಗಡಿ ಸೌದೆ ಮಾಡ್ಬೇಕಂತ ಮಾಡೀಯೇನಣ್ಣ?" ಎಂದು ಸೈಕಲ್ ಶಾಪಿನವರು ಬೀದಿಗಿಳಿದರು. ಮಾತಿಗೆ ಮಾತು ಬೆಳೆಯಿತು. ಕಡೆಗೆ ಮೇಷ್ಟ್ರೇ ಕೈಮುಗಿದು ಹೊಸ ತಾಡಪಾಲು ತಂದುಕೊಟ್ಟ ಮೇಲೆ ಶಾಂತವಾಯಿತು.

ಸೈಕಲ್ ಶಾಪಿನವರ ಸಿಟ್ಟು ತಪ್ಪೆನ್ನುವಂತಿಲ್ಲ. 2013ರಲ್ಲಿ ಲಂಡನ್ ಪಟ್ಟಣದಲ್ಲಿ ಕಟ್ಟುತ್ತಿದ್ದ 37 ಅಂತಸ್ತಿನ ಗಾಜಿನ ಕಟ್ಟಡವೊಂದರ ಮುಖ ಒಳಬಾಗಿದ್ದರಿಂದ, ಅದರ ಬಿಸಿಲು ಕೂಡಿ ಕೆಳಗಿನ ರಸ್ತೆಯಲ್ಲಿ ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಭಾಗಗಳು ಕರಗಿಹೋದವು. ಅಷ್ಟು ದೊಡ್ಡ ಎಂಜಿನಿಯರುಗಳಿಗೇ ಆದ ಗತಿ ಅದು.

ಅಂದಿನಿಂದ ಮೇಷ್ಟ್ರು ಮೂರು ಕಾನೂನು ಮಾಡಿದ್ದಾರೆ. ಪಾತ್ರೆ ಇಳಿಸುವ ಮುಂಚೆ ಡಿಶ್ಶಿನ ಮುಖ ಗೋಡೆಗೆ ತಿರುಗಿಸಿ, ಅದರ ಮೇಲೆ ಗೋಣಿತಾಟು ಮುಚ್ಚಬೇಕು. ಬೆಳಕು ಬೀಳುವ ಜಾಗವನ್ನು ವೆಲ್ಡಿಂಗ್ ಕನ್ನಡಕವಿಲ್ಲದೆ ದಿಟ್ಟಿಸಬಾರದು. ಮಕ್ಕಳು ಹತ್ತಿರ ಸುಳಿಯದಂತೆ ಸುತ್ತ ಹಗ್ಗ ಕಟ್ಟಬೇಕು. ಮನೆಯಲ್ಲಿ ಮಾಡಿ ನೋಡುವ ಉಮೇದಿರುವವರು ಕನ್ನಡಿ ತರುವ ಮೊದಲು ಗೋಣಿತಾಟು ತರುವುದು ಲೇಸು.

ಲೆಕ್ಕದ ಪುಸ್ತಕ ಏನು ಹೇಳುತ್ತೆ?

ವ್ಯಾಪಾರಸ್ಥರಿಗೆ ಬೇಕಾದದ್ದು ಇದು. ನೆತ್ತಿಯ ಬಿಸಿಲಲ್ಲಿ ಒಂದು ಚದರ ಮೀಟರಿಗೆ ಬೀಳುವ ಶಾಖ ಸುಮಾರು ಒಂದು ಕಿಲೋವಾಟ್, ಅಂದರೆ ನೀರು ಕಾಯಿಸುವ ಒಂದು ಕರೆಂಟ್ ಕಾಯಿಲ್‌ನಷ್ಟು. ಕನ್ನಡಿ ಅದರಿಂದ ಒಂದು ಪೈಸೆಯನ್ನೂ ಹೆಚ್ಚು ಮಾಡುವುದಿಲ್ಲ, ಕೂಡಿಸುತ್ತದೆ ಅಷ್ಟೆ. ಧೂಳು ತಿನ್ನುವುದು, ಗಾಳಿ ಒಯ್ಯುವುದು, ಗುರಿ ತಪ್ಪಿ ಪಾತ್ರೆಯಾಚೆ ಬೀಳುವುದು ಎಲ್ಲ ಕಳೆದು ಈ 6 ಅಡಿ ಡಿಶ್ಶಿನಿಂದ ನೀರಿಗೆ ಸೇರುವುದು 800 ವಾಟ್ ಆಸುಪಾಸು.

ಬೆಳಿಗ್ಗೆ 11ರಿಂದ ಮೂರೂವರೆವರೆಗೆ ಮೋಡವಿಲ್ಲದ ದಿನ ಸುಮಾರು 40 ಲೀಟರ್ ನೀರು ಕುದಿಯುತ್ತದೆ. ಅಷ್ಟಕ್ಕೆ ಒಲೆಯಲ್ಲಿ ಉರಿಯಬೇಕಿದ್ದ ಗ್ಯಾಸು ಹೆಚ್ಚು ಕಡಿಮೆ ಅರ್ಧ ಕಿಲೋ. ಕಮರ್ಷಿಯಲ್ ಸಿಲಿಂಡರಿನಲ್ಲಿ ಇರುವುದು 19 ಕಿಲೋ. ಅಂದರೆ 38 ಬಿಸಿಲ ದಿನಕ್ಕೆ ಒಂದು ಸಿಲಿಂಡರ್ ಉಳಿತಾಯ. ಡಿಶ್, ಕನ್ನಡಿ, ಅಂಟು, ಕಬ್ಬಿಣ, ಸೈಕಲ್ ಶಾಪಿನ ತಾಡಪಾಲು ಎಲ್ಲ ಸೇರಿ ಆದ ಖರ್ಚು ಹತ್ತಿರ ಹತ್ತಿರ ಎರಡು ಸಿಲಿಂಡರಿನ ಬೆಲೆ. ಒಂದು ಬೇಸಿಗೆಯಲ್ಲಿ ಅಸಲು ಬಂದೀತು. ಮೇಷ್ಟ್ರ ಕೂಲಿ ಮಾತ್ರ ಲೆಕ್ಕಕ್ಕಿಲ್ಲ.

ಹಾಗಾದರೆ ಚಹಾ ಅಂಗಡಿಯವರು ಸಿಲಿಂಡರಿಗೆ ರಾಮ್ ರಾಮ್ ಹೇಳಿದರೇ? ಹೇಳಬೇಕೆಂದೇ ಹೊರಟಿದ್ದರು. ತಡೆದವರು ಅವರ ಮನೆಯವರು. ಮುಂಜಾನೆ ನಾಲ್ಕಕ್ಕೆ ಎದ್ದು ಮೊದಲ ಬಸ್ಸಿನವರಿಗೆ ಚಹಾ, ಒಗ್ಗರಣಿ, ಮಿರ್ಚಿ ಸಿದ್ಧ ಮಾಡುವವರು ಆಕೆ.

"ನಿಮ್ಮ ಸೂರ್ಯ ಏಳೋಕಿಂತ ಮುಂಚೆ ನಾನು ಏಳ್ತೀನಿ. ಆತ ಬರೋತನಕ ಬಸ್ಸು ನಿಲ್ತಾವೇನ್ರಿ?" ಎಂದರಂತೆ.

ಒಂದೇ ಮಾತು. 1950ರಲ್ಲಿ ದೆಹಲಿಯ ಪಂಡಿತರಿಗೆ ಇಂಥ ಒಬ್ಬ ತಾಯಿ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು! ಅಂಗಡಿಯ ವ್ಯಾಪಾರವೆಲ್ಲ ಬೆಳಿಗ್ಗೆ ಐದರಿಂದ ಒಂಬತ್ತು, ಸಂಜೆ ನಾಲ್ಕರಿಂದ ಏಳು. ಬಿಸಿಲಿನ ವ್ಯಾಪಾರ 11ರಿಂದ ಮೂರೂವರೆ. ಇಬ್ಬರ ಬಾಗಿಲು ತೆರೆಯುವ ಹೊತ್ತೇ ಬೇರೆ.

ಆಳಿಗೆ ಬದಲು ಗಡಿಯಾರ

ತಿರುಗಿಸುವ ತಾಪತ್ರಯಕ್ಕೆ ದಾರಿ ಕಂಡವರೂ ಇದ್ದಾರೆ. ವೋಲ್ಫ್‌ಗಾಂಗ್ ಶೆಫ್ಲರ್ ಎಂಬ ಭೌತವಿಜ್ಞಾನಿ 1986ರಲ್ಲಿ ಉತ್ತರ ಕೀನ್ಯಾದ ಒಂದು ಮಿಷನ್ ಕೇಂದ್ರದಲ್ಲಿ ಹೊಸ ಬಗೆಯ ಡಿಶ್ ನಿಲ್ಲಿಸಿದರು. ಗಡಿಯಾರದಂಥ ಯಂತ್ರ ಅದನ್ನು ಸೂರ್ಯನ ಜೊತೆಗೇ ತಿರುಗಿಸುತ್ತದೆ, ಆದರೆ ಬೆಳಕು ಬೀಳುವ ಜಾಗ ಕದಲುವುದಿಲ್ಲ. ಡಿಶ್ ಹೊರಗೆ ಬಿಸಿಲಲ್ಲಿ, ಪಾತ್ರೆ ಒಳಗೆ ಅಡುಗೆಮನೆಯಲ್ಲಿ! ಊರಿನ ವೆಲ್ಡಿಂಗ್ ಶಾಪಿನಲ್ಲೇ ಮಾಡಿಕೊಳ್ಳಬಹುದಾದಂಥದ್ದು.

ಆಂಧ್ರದ ತಿರುಮಲದಲ್ಲಿ 2002ರಲ್ಲಿ ಇಂಥ 106 ಡಿಶ್ ಜೋಡಿಸಿ, ಉಗಿ ಮಾಡಿ, ಪೈಪಿನಲ್ಲಿ ಅನ್ನದಾನದ ಅಡುಗೆಮನೆಗೆ ಹಾಯಿಸಿದರು. 15,000 ಮಂದಿಯ ಎರಡು ಹೊತ್ತಿನ ಊಟಕ್ಕೆ ಸಾಲುವ ಏರ್ಪಾಡು ಅದು. 2009ರಲ್ಲಿ ಶಿರಡಿಯಲ್ಲಿ 73 ಡಿಶ್ ಬಂದವು. ದೇವಸ್ಥಾನದಲ್ಲಿ ಮಧ್ಯಾಹ್ನವೇ ದೊಡ್ಡ ಪಂಕ್ತಿ, ನೋಡಿಕೊಳ್ಳಲು ಆಳುಗಳಿದ್ದಾರೆ, ಹೊತ್ತೂ ಹೊಂದುತ್ತದೆ. ಅಲ್ಲಿ ಬಿಸಿಲು ಕೆಲಸಕ್ಕೆ ಬಂದದ್ದು ಅದಕ್ಕೇ.

ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯವರೂ ಕಡೆಗೆ ಹೊತ್ತು ಹೊಂದಿಸಿಕೊಂಡರು. ಡಿಶ್ಶಿನ ಮೇಲೆ ಹಾಲಿಟ್ಟರೆ ತಳ ಹಿಡಿಯುತ್ತದೆ, ಅದನ್ನು ಕೈಬಿಟ್ಟರು. ಈಗ ಅದು ಬರೀ ನೀರಿನ ಒಲೆ. ಹನ್ನೊಂದರಿಂದ ಕುದ್ದ ನೀರು ಲೋಟ ತೊಳೆಯಲು, ಮಧ್ಯಾಹ್ನದ ಚಹಾಕ್ಕೆ. ಮೂರು ಗಂಟೆಗೆ ಕುದಿಸಿದ್ದನ್ನು ಭತ್ತದ ಹೊಟ್ಟು ತುಂಬಿದ ಪೆಟ್ಟಿಗೆಯೊಳಗಿಟ್ಟು ಮುಚ್ಚಿದರೆ ಸಂಜೆಯ ಬಸ್ಸಿನ ಹೊತ್ತಿಗೂ ಕೈ ಸುಡುವಷ್ಟು ಬಿಸಿ. ಅದನ್ನು ಗ್ಯಾಸಿನ ಮೇಲಿಟ್ಟರೆ ಎರಡೇ ನಿಮಿಷಕ್ಕೆ ಮಳ್ಳುತ್ತದೆ. ಮುಂಜಾನೆ ಮಾತ್ರ ಸಿಲಿಂಡರೇ. ಐದು ದಿನಕ್ಕೊಂದು ಬರುತ್ತಿದ್ದ ಸಿಲಿಂಡರ್ ಬಿಸಿಲ ಕಾಲದಲ್ಲಿ ಅರ್ಧ ದಿನ ಹೆಚ್ಚು ಬಾಳುತ್ತದೆ.

"ಇಷ್ಟೇನಾ?" ಎನ್ನುವವರು ಇದ್ದಾರೆ. "ಅರ್ಧ ಕಿಲೋ ಅಂದ್ರೆ ಕಡಿಮೆ ಆಯ್ತೇನಪ್ಪಾ? ದಿನಾ ಯಾರಾದ್ರೂ ಅರ್ಧ ಕಿಲೋ ಗ್ಯಾಸ್ ಪುಕ್ಕಟೆ ಕೊಡ್ತಾರಾ?" ಎಂಬುದು ಮೇಷ್ಟ್ರ ಉತ್ತರ. ಲೋಟ ತೊಳೆಯುವ ಹುಡುಗನಿಗೆ 10 ನಿಮಿಷಕ್ಕೊಮ್ಮೆ ಓಡುವ ಕಾಟ ತಪ್ಪಿಸಲು ಅವರೀಗ ಒಂದು ಹಳೇ ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದಾರೆ.

ಸೈಕಲ್ ಶಾಪಿನವರು? ಸಿಟ್ಟು ಇಳಿದಿದೆ. ಚಳಿಗಾಲದಲ್ಲಿ ತಮಗೂ ಒಂದು ಬಕೆಟ್ ಬಿಸಿನೀರು ಕೊಡಬೇಕೆಂಬ ಕರಾರಿನ ಮೇಲೆ ತಮ್ಮ ಗೋಡೆಯ ಪಕ್ಕದ ಜಾಗ ಬಿಟ್ಟುಕೊಟ್ಟಿದ್ದಾರೆ. ತಾಡಪಾಲನ್ನು ಮಾತ್ರ ಎರಡು ಅಡಿ ಮೇಲಕ್ಕೆ ಎತ್ತಿ ಕಟ್ಟಿದ್ದಾರೆ!